ತಾನ್ಸಾ ಕೊಳವೆಯ ಪಕ್ಕದ ದಾರಿ

ಮುಂಬಯಿಗೆ ನೀರು ತರುವ ತಾನ್ಸಾ ಕೊಳವೆಯ ಎರಡೂ ಬದಿಗೆ 10 ಮೀಟರ್ ಜಾಗ ತೆರವಾಗಬೇಕೆಂದು ಹೈಕೋರ್ಟ್ ಆದೇಶಿಸಿತ್ತು. ಅಲ್ಲಿ ಮತ್ತೆ ಒತ್ತುವರಿಯಾಗದಿರಲೆಂದು ಮಹಾನಗರ ಪಾಲಿಕೆ ರೂಪಿಸಿದ್ದು 39 ಕಿ.ಮೀ. ಸೈಕಲ್ ಮತ್ತು ನಡಿಗೆ ಪಥದ ಯೋಜನೆ. ಒಳ್ಳೆಯ ಯೋಚನೆಯೇ. ಜನ ಓಡಾಡುವ ಜಾಗವನ್ನು ಜನರೇ ಕಾಯುತ್ತಾರೆ. ಕೊಳವೆ ಒಡೆದರೆ ರಿಪೇರಿಗೂ ದಾರಿ ಇರುತ್ತದೆ.

ಆದರೆ ಅದು ಖಾಲಿ ನೆಲವಾಗಿರಲಿಲ್ಲ. ಅಲ್ಲಿಂದ ಎಬ್ಬಿಸಿದ ಸಾವಿರಾರು ಕುಟುಂಬಗಳಿಗೆ ಮನೆ ಸಿಕ್ಕಿದ್ದು ರಿಫೈನರಿಗಳ ಮಗ್ಗುಲಿನ ಮಾಹುಲ್‌ನಲ್ಲಿ. ಅಲ್ಲಿಯ ಕೆಟ್ಟ ಗಾಳಿಯಲ್ಲಿ ಬದುಕಲಾರೆವೆಂದು ಅವರು ಕೋರ್ಟಿಗೆ ಹೋದರು. ಬೇರೆಡೆ ಇರಲು ಅವರಿಗೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಿ ಎಂದು 2019ರಲ್ಲಿ ಹೈಕೋರ್ಟ್ ಸರಕಾರಕ್ಕೆ ಹೇಳಬೇಕಾಯಿತು.

ಬೆಳಗಿನ ವಾಕಿಂಗಿಗೆ ಪಥ ಬೇಕೆನ್ನುವ ನಾವು, ಜಾಗ ಬಿಟ್ಟುಕೊಟ್ಟವರಿಗೆ ಒಳ್ಳೆಯ ಗಾಳಿ ಸಿಗಲಿ ಎಂದೂ ಕೇಳಬೇಡವೇ?