ಅರ್ಧ ಸಲ ಅವಕಲನ ಮಾಡಿದರೆ?

ಬಸ್ಸು ಸಾಗಿದ ದೂರದ ಲೆಕ್ಕವನ್ನು ಒಂದು ಸಲ ಅವಕಲನ ಮಾಡಿದರೆ ಅದರ ವೇಗ ಸಿಗುತ್ತದೆ. ಇನ್ನೊಂದು ಸಲ ಮಾಡಿದರೆ ವೇಗೋತ್ಕರ್ಷ. ಪಿಯುಸಿಯಲ್ಲಿ ಗಣಿತ ಓದಿದವರಿಗೆಲ್ಲ ಇದು ಗೊತ್ತು. ಒಂದು ಸಲ, ಎರಡು ಸಲ ಸರಿ; ಅರ್ಧ ಸಲ ಮಾಡಿದರೆ? ತರಗತಿಯಲ್ಲಿ ಹೀಗೆ ಕೇಳಿದ ಹುಡುಗನನ್ನು ಮೇಷ್ಟರು ತಲೆಹರಟೆ ಎಂದು ಗದರಿಸಿ ಕೂರಿಸಿಯಾರು.

ಆದರೆ ಈ ತಲೆಹರಟೆಗೆ ಮುನ್ನೂರು ವರ್ಷ ದಾಟಿದೆ. ಕಲನಶಾಸ್ತ್ರದ ಜನಕರಲ್ಲಿ ಒಬ್ಬನಾದ ಜರ್ಮನಿಯ ಲೈಬ್ನಿಟ್ಸ್, 1695ರ ಸೆಪ್ಟೆಂಬರ್ 30ರಂದು ಫ್ರಾನ್ಸಿನ ಲೋಪಿತಾಲ್‌ನಿಗೆ ಬರೆದ ಪತ್ರದಲ್ಲಿ ಇದೇ ಮಾತೆತ್ತಿದ್ದ. ಮೇಲ್ನೋಟಕ್ಕೆ ಅಸಂಗತವಾಗಿ ಕಂಡರೂ ಮುಂದೊಂದು ದಿನ ಇದರಿಂದ ಪ್ರಯೋಜನ ಆದೀತು ಎಂದು ಅವನ ಎಣಿಕೆ.

ಉತ್ತರ ಬರಲು ಶತಮಾನವೇ ಬೇಕಾಯಿತು. 1823ರಲ್ಲಿ ನಾರ್ವೆಯ ಆಬೆಲ್ ಒಂದು ಸಮಸ್ಯೆ ಬಿಡಿಸಿದ: ಯಾವ ಎತ್ತರದಿಂದ ಬಿಟ್ಟರೂ ಮಣಿಯೊಂದು ಅಷ್ಟೇ ಹೊತ್ತಿನಲ್ಲಿ ತಳ ಸೇರುವಂತೆ ಇಳಿಜಾರನ್ನು ಹೇಗೆ ಬಾಗಿಸಬೇಕು? ಅವನ ಲೆಕ್ಕದೊಳಗೆ ಅರ್ಧ ದರ್ಜೆಯ ಕಲನ ಅಡಗಿತ್ತು. ಬಳಿಕ ಲಿಯೂವಿಲ್ ಮತ್ತು ರೀಮಾನ್ ಇದಕ್ಕೆ ಅಡಿಪಾಯ ಹಾಕಿದರು. ಅವರ ವಿಧಾನದಲ್ಲಿ ‘ಎಕ್ಸ್’ ಅನ್ನು ಅರ್ಧ ಸಲ ಅವಕಲಿಸಿದರೆ, ‘ಎಕ್ಸ್’ ಅನ್ನು ಪೈಯಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿದಷ್ಟು ಬರುತ್ತದೆ. ಇನ್ನರ್ಧ ಸಲ ಅವಕಲಿಸಿದರೆ ಉತ್ತರ 1. ಅಲ್ಲಿಗೆ ಎರಡು ಅರ್ಧ ಸೇರಿ ಒಂದಾಯಿತು!

ಕಣಕದ ಪಾಠ

ಸ್ಪ್ರಿಂಗನ್ನು ಎಳೆಯಲು ಬೇಕಾದ ಬಲ ಅದು ಎಷ್ಟು ಹಿಗ್ಗಿದೆ ಎಂಬುದನ್ನು ಅವಲಂಬಿಸಿದೆ. ಇಲ್ಲಿ ಅವಕಲನವೇ ಇಲ್ಲ; ದರ್ಜೆ ಸೊನ್ನೆ. ಜೇನುತುಪ್ಪವನ್ನು ಕಲಕುವ ಬಲ ಎಷ್ಟು ಬೇಗ ಕಲಕುತ್ತೀರಿ ಎಂಬುದನ್ನು ಅವಲಂಬಿಸಿದೆ, ದರ್ಜೆ ಒಂದು. ಚಪಾತಿಯ ಕಣಕ? ಒತ್ತಿದರೆ ತುಸು ಮರಳುತ್ತದೆ, ಬಿಟ್ಟರೆ ಮೆಲ್ಲಗೆ ಹರಡುತ್ತದೆ. ಅದು ಎರಡರ ನಡುವಿನದು. ಕಣಕ, ಗಿಣ್ಣುಗಳ ಗುಣವನ್ನು ಅಳೆಯುತ್ತಿದ್ದ ಇಂಗ್ಲೆಂಡಿನ ಸ್ಕಾಟ್ ಬ್ಲೇರ್ 1940ರ ದಶಕದಲ್ಲಿ, ಇಂಥ ವಸ್ತುಗಳಿಗೆ ಸೊನ್ನೆ ಮತ್ತು ಒಂದರ ನಡುವಿನ ದರ್ಜೆಯೇ ಸರಿ ಎಂದು ವಾದಿಸಿದರು. 1983ರಲ್ಲಿ ಅಮೆರಿಕದ ಬ್ಯಾಗ್ಲಿ ಮತ್ತು ಟಾರ್ವಿಕ್, ಕಂಪನ ಹೀರುವ ರಬ್ಬರಿನಂಥ ವಸ್ತುಗಳಿಗೆ ಇದೇ ದಾರಿ ಹಿಡಿದರು.

ನೆನಪಿರುವ ಸಮೀಕರಣ

ಪೂರ್ಣಾಂಕ ದರ್ಜೆಯ ಅವಕಲನ ಈ ಕ್ಷಣದ ಆಸುಪಾಸನ್ನಷ್ಟೇ ನೋಡುತ್ತದೆ. ಭಿನ್ನರಾಶಿ ದರ್ಜೆಯದು ಮೊದಲಿನಿಂದ ಈವರೆಗಿನ ಎಲ್ಲವನ್ನೂ ಕೂಡಿಸುತ್ತದೆ. ನಿನ್ನೆಯದಕ್ಕೆ ಹೆಚ್ಚು ತೂಕ, ಹಳೆಯದಕ್ಕೆ ಕಡಿಮೆ. ಹಳೆಯ ಒತ್ತಡವನ್ನು ‘ಮರೆಯದ’ ವಸ್ತುಗಳಿಗೆ ಇದು ಹೊಂದುವುದು ಆದ್ದರಿಂದಲೇ. ಆದರೆ ನೆನಪಿಗೆ ಬೆಲೆಯೂ ಇದೆ. ಪ್ರತಿ ಹೆಜ್ಜೆಯಲ್ಲೂ ಕಂಪ್ಯೂಟರ್ ಹಿಂದಿನ ಹೆಜ್ಜೆಗಳನ್ನೆಲ್ಲ ಎಣಿಸಬೇಕು. ನೇರ ದಾರಿಯಲ್ಲಿ ಹೋದರೆ, ಹೆಜ್ಜೆ ಹತ್ತು ಪಟ್ಟಾದಾಗ ದುಡಿಮೆ ನೂರು ಪಟ್ಟಾಗುತ್ತದೆ.

ಇನ್ನೊಂದು ತೊಡಕಿತ್ತು. ರೀಮಾನ್–ಲಿಯೂವಿಲ್ ವಿಧಾನದಲ್ಲಿ ಸ್ಥಿರಸಂಖ್ಯೆಯ ಅವಕಲನವೂ ಸೊನ್ನೆಯಾಗದು. ಆರಂಭದ ಸ್ಥಿತಿಯನ್ನೂ ವಿಚಿತ್ರ ರೂಪದಲ್ಲಿ ಕೊಡಬೇಕು. 1967ರಲ್ಲಿ ಇಟಲಿಯ ಭೂಭೌತವಿಜ್ಞಾನಿ ಮಿಕೇಲೆ ಕಪುಟೊ ಬಳಕೆಗೆ ತಂದ ವ್ಯಾಖ್ಯೆ ಇದನ್ನು ಸರಿಪಡಿಸಿತು. ಅಳೆಯಬಲ್ಲ ಆರಂಭದ ಸ್ಥಾನ, ವೇಗಗಳೇ ಸಾಕಾದವು. 1974ರಲ್ಲಿ ಅಮೆರಿಕದ ನ್ಯೂ ಹೇವನ್ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೇ ಮೀಸಲಾದ ಮೊದಲ ಸಮ್ಮೇಳನ ನಡೆಯಿತು. 1987ರಲ್ಲಿ ಮಿನ್ಸ್ಕ್‌ನಲ್ಲಿ ಸಾಮ್ಕೊ, ಕಿಲ್ಬಾಸ್, ಮರಿಚೆವ್ ಅವರ ಬೃಹತ್ ಗ್ರಂಥ ರಷ್ಯನ್ ಭಾಷೆಯಲ್ಲಿ ಹೊರಬಂತು.

ಇಂದು ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಸಂಶೋಧನೆಯ ಪ್ರಶ್ನೆಗಳು ಎರಡೂ ಬಗೆಯ ಸಮೀಕರಣಗಳಿಗೆ ಒಂದೇ: ಪರಿಹಾರ ಇದೆಯೇ? ಇದ್ದರೆ ಒಂದೇ ಒಂದೇ? ಆರಂಭ ತುಸು ಬದಲಾದರೆ ಉತ್ತರ ತುಸುವೇ ಬದಲಾಗುವುದೇ? ಇವಕ್ಕೆ ಉತ್ತರವಿಲ್ಲದೆ ಕಂಪ್ಯೂಟರ್ ಕಕ್ಕಿದ ಅಂಕಿಗಳನ್ನು ನಂಬುವಂತಿಲ್ಲ.

ಒಂದು ಎಚ್ಚರಿಕೆಯೂ ಬೇಕು. ಹಳೆಯ ಸಮೀಕರಣದಲ್ಲಿ 1 ಇದ್ದಲ್ಲಿ 0.9 ಹಾಕಿದ ಮಾತ್ರಕ್ಕೆ ಹೊಸ ವಿಜ್ಞಾನ ಹುಟ್ಟದು. ತಿರುಗಿಸಲು ಒಂದು ಗುಂಡಿ ಹೆಚ್ಚಿದ್ದರೆ ಯಾವ ಗೆರೆಯನ್ನಾದರೂ ಅಂಕಿಗಳಿಗೆ ಹೊಂದಿಸಬಹುದು. ಆ ಭಿನ್ನರಾಶಿ ಎಲ್ಲಿಂದ ಬಂತು ಎಂಬುದನ್ನು ವಸ್ತುವೇ ಹೇಳಬೇಕು. ಸ್ಕಾಟ್ ಬ್ಲೇರ್ ಮೊದಲು ಕಣಕವನ್ನು ಒತ್ತಿ ನೋಡಿದರು, ಸಮೀಕರಣ ಬರೆದದ್ದು ಆಮೇಲೆ.