ದೊಡ್ಡ ಕ್ಯಾಮರಾವೋ, ಪುಟ್ಟ ಕ್ಯಾಮರಾವೋ?

ಮನೆಗೊಂದು ಕ್ಯಾಮರಾ ಬೇಕೆಂದು ತೀರ್ಮಾನವಾದ ಮೇಲೆಯೇ ನಿಜವಾದ ಕಷ್ಟ ಶುರುವಾಗುವುದು. ಮಿಕ್ಸಿ, ಕುಕ್ಕರುಗಳಾದರೆ ನಾವು ಹೆಂಗಸರು ನಾಲ್ಕು ಜನರನ್ನು ಕೇಳಿ, ಎರಡು ಅಂಗಡಿ ತಿರುಗಿ, ಕೈಯಲ್ಲಿ ಹಿಡಿದು ತೂಗಿ ನೋಡಿ ತರುತ್ತೇವೆ. ಕ್ಯಾಮರಾ ಎಂದ ಕೂಡಲೆ ಅದೇನೋ ಗಂಡಸರ ಸಾಮಾನು ಎಂಬಂತೆ ಹಿಂದೆ ಸರಿದು ನಿಲ್ಲುತ್ತೇವೆ. ಕತ್ತಿಗೆ ನೇತುಹಾಕಿಕೊಳ್ಳುವ ಡಿಎಸ್‌ಎಲ್‌ಆರ್ ಒಳ್ಳೆಯದೋ, ಪರ್ಸಿನಲ್ಲಿ ಹಿಡಿಯುವ ಕಾಂಪ್ಯಾಕ್ಟ್ ಸಾಕೋ ಎಂದು ಯಾರಾದರೂ ಕೇಳಿದರೆ "ಅವರನ್ನೇ ಕೇಳಿ" ಎಂದುಬಿಡುತ್ತೇವೆ. ಹಣ ಮಾತ್ರ ಎಷ್ಟೋ ಸಲ ನಮ್ಮ ಚೀಟಿಯದೇ ಆಗಿರುತ್ತದೆ!

ಈ ಸಲ ನಾನು ಹಾಗೆ ಬಿಡಲಿಲ್ಲ. ಎರಡು ವರ್ಷ ಕಟ್ಟಿದ ಚೀಟಿ ಎತ್ತಿ ಬಂದ 40 ಸಾವಿರ ಕೈಯಲ್ಲಿತ್ತು. ಬಳೆ ಮಾಡಿಸಿಕೋ ಎಂದರು ನಮ್ಮವರು. ಬೇಡ, ಕ್ಯಾಮರಾ ಬೇಕು ಎಂದೆ. ಅದಕ್ಕೆ ಕಾರಣವಿದೆ. ನಮ್ಮ ತಾಯಿ ತೀರಿಕೊಂಡಾಗ ಗೋಡೆಗೆ ಹಾಕಲು ಅವರದೊಂದು ಫೋಟೋ ಮನೆಯಲ್ಲಿರಲಿಲ್ಲ. ಯಾರದೋ ಮದುವೆಯ ಗುಂಪು ಚಿತ್ರದ ಮೂಲೆಯಲ್ಲಿ, ಇನ್ನೊಬ್ಬರ ಭುಜದ ಹಿಂದೆ ಮುಕ್ಕಾಲು ಮುಖ ಸಿಕ್ಕಿತು. ಸ್ಟುಡಿಯೋದವರು ಅದನ್ನೇ ಹಿಗ್ಗಿಸಿ, ಭುಜ ಅಳಿಸಿ, ಇಲ್ಲದ ಕಿವಿಯೋಲೆ ಬರೆದು ಕೊಟ್ಟರು. ಇವತ್ತಿಗೂ ಆ ಪಟದಲ್ಲಿರುವುದು ಅಮ್ಮನ ಹಾಗೆ ಕಾಣುವ ಬೇರೆ ಯಾರೋ. ಅಪ್ಪನ ಕಾಲದ ಆಗ್ಫಾ ಕ್ಲಿಕ್ 3 ಕ್ಯಾಮರಾದಲ್ಲಿ ಒಂದು ರೋಲಿಗೆ 12 ಚಿತ್ರ. ಆ ಹನ್ನೆರಡರಲ್ಲಿ ಒಲೆ ಮುಂದೆ ಕೂತವಳ ಪಾಲಿಗೆ ಒಂದಾದರೂ ಎಲ್ಲಿಂದ ಬರಬೇಕು, ಹೇಳಿ?

ಈಗ ನಮ್ಮ ಅತ್ತೆಯವರಿಗೆ 82. ಕ್ಯಾಮರಾ ಕಂಡರೆ ಸೆರಗು ಎಳೆದುಕೊಂಡು ಮುಖ ತಿರುಗಿಸುತ್ತಾರೆ. ನಮ್ಮದು ಮಲೆನಾಡಿನ ಹಳೇ ಮನೆ, ಹಗಲಲ್ಲೂ ನಡುಮನೆಯಲ್ಲಿ ಮಬ್ಬು. ಇಂಥ ಮನೆಯಲ್ಲಿ ಇಂಥವರ ಒಂದು ಒಳ್ಳೆಯ ಚಿತ್ರ ತೆಗೆಯಬೇಕು, ಅದೂ ತಡಮಾಡದೆ.

ಫೋನಿದೆಯಲ್ಲ, ಕ್ಯಾಮರಾ ಯಾಕೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯ ಇಲ್ಲದಿಲ್ಲ. ಜಪಾನಿನ ಕ್ಯಾಮರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮರಾಗಳು ಮಾರುಕಟ್ಟೆಗೆ ಹೋದವು, ಬಹುಪಾಲು ಪುಟ್ಟವೇ. 2023ರಲ್ಲಿ ದೊಡ್ಡದು ಚಿಕ್ಕದು ಎಲ್ಲ ಸೇರಿ 80 ಲಕ್ಷವೂ ಮುಟ್ಟಲಿಲ್ಲ. ನುಂಗಿದ್ದು ಫೋನು. ಅಂಗಳದ ಬಿಸಿಲಿನಲ್ಲಿ ಈಗಿನ ಸಾಧಾರಣ ಫೋನೊಂದು ಅಗ್ಗದ ಕಾಂಪ್ಯಾಕ್ಟಿಗೆ ಸರಿಸಮ, ಕೆಲವು ಸಲ ಅದಕ್ಕಿಂತ ಮೇಲೆ ಎಂದೇ ನನ್ನ ಅಭಿಪ್ರಾಯ. ಆದರೆ ಮಬ್ಬಿನಲ್ಲಿ ಫೋನು ತೆಗೆದ ಮುಖ ಮೇಣ ಸವರಿದ ಹಾಗೆ ನುಣ್ಣಗಾಗುತ್ತದೆ. ಅತ್ತೆಯ ಸುಕ್ಕೆಲ್ಲ ಮಾಯ! ಹಿಂದಿನ ಗೋಡೆಯನ್ನು ಮಸುಕು ಮಾಡು ಎಂದರೆ ಲೆಕ್ಕ ತಪ್ಪಿ ಮುಡಿದ ಮಲ್ಲಿಗೆಯ ತುದಿಯನ್ನೂ ಕತ್ತರಿಸಿಬಿಡುತ್ತದೆ.

ಲೋಟ ಮತ್ತು ಹರಿವಾಣ

ಡಿಎಸ್‌ಎಲ್‌ಆರ್ ಎಂಬ ಹೆಸರಿಗೆ ಹೆದರಬೇಡಿ, ಸಂಗತಿ ಸುಲಭ. ಕ್ಯಾಮರಾದ ಹೊಟ್ಟೆಯಲ್ಲಿ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಮುಂದಿನ ಮಸೂರದಿಂದ, ಅಂದರೆ ಲೆನ್ಸಿನಿಂದ, ಬಂದ ಬೆಳಕು ಕನ್ನಡಿಗೆ ಬಡಿದು ಮೇಲಕ್ಕೆ ಹೋಗಿ ನಾವು ಕಣ್ಣಿಡುವ ಕಿಂಡಿಗೆ ಬರುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು ದಾರಿ ಬಿಡುತ್ತದೆ, ಬೆಳಕು ಹಿಂದಿನ ಸೆನ್ಸರಿನ ಮೇಲೆ ಬೀಳುತ್ತದೆ. ಟಕ್ ಎಂಬ ಆ ಸದ್ದು ಬಹಳ ಮಟ್ಟಿಗೆ ಕನ್ನಡಿಯದೇ. ಲೆನ್ಸನ್ನು ಕಳಚಿ ಬೇರೆಯದು ಹಾಕಬಹುದು. ಕಾಂಪ್ಯಾಕ್ಟಿನಲ್ಲಿ ಕನ್ನಡಿಯಿಲ್ಲ, ಕಿಂಡಿಯೂ ಸಾಮಾನ್ಯವಾಗಿ ಇಲ್ಲ, ಲೆನ್ಸು ಮೈಗಂಟಿದ್ದು. ಹಿಂದಿನ ಪರದೆ ನೋಡಿಯೇ ತೆಗೆಯಬೇಕು.

ಮುಖ್ಯ ವ್ಯತ್ಯಾಸ ಇರುವುದು ಆ ಸೆನ್ಸರಿನಲ್ಲಿ. ಸಾಮಾನ್ಯ ಕಾಂಪ್ಯಾಕ್ಟಿನ ಸೆನ್ಸರ್ ಸುಮಾರು 6 ಮಿಲಿಮೀಟರ್ ಅಗಲ, ನಾಲ್ಕೂವರೆ ಮಿಲಿಮೀಟರ್ ಎತ್ತರ, ಅಂದರೆ ಒಂದು ಕಡಲೆಬೇಳೆಯಷ್ಟು! ಕ್ಯಾನನ್ ಕಂಪನಿಯ ಆರಂಭದ ದರ್ಜೆಯ ಡಿಎಸ್‌ಎಲ್‌ಆರ್‌ಗಳಲ್ಲಿ 22 ಅಗಲ, 15 ಎತ್ತರ, ಸಣ್ಣ ಅಂಚೆಚೀಟಿಯಷ್ಟು. ನಿಕಾನ್‌ನದು ಇನ್ನೂ ಕೂದಲೆಳೆ ದೊಡ್ಡದು. ವಿಸ್ತಾರದ ಲೆಕ್ಕದಲ್ಲಿ ಸುಮಾರು ಹನ್ನೆರಡು ಪಟ್ಟು. ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟ, ಒಂದು ಹರಿವಾಣ ಇಟ್ಟು ನೋಡಿ. ಜಡಿಮಳೆಯಲ್ಲಾದರೆ ಎರಡರಲ್ಲೂ ಬೇಕಾದಷ್ಟು ನೀರು. ತುಂತುರಿನಲ್ಲಿ ಲೋಟದ ತಳ ಒದ್ದೆಯಾದರೆ ಹೆಚ್ಚು. ಬೆಳಕೂ ಹಾಗೇ. ಬಿಸಿಲಿನಲ್ಲಿ ಎರಡು ಕ್ಯಾಮರಾಗಳ ಚಿತ್ರವನ್ನೂ ಪಕ್ಕಪಕ್ಕ ಇಟ್ಟರೆ ನಮ್ಮಂಥವರಿಗೆ ವ್ಯತ್ಯಾಸ ಕಾಣದು. ಸಂಜೆಯ ದೀಪದಲ್ಲಿ ಪುಟ್ಟದರ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳುಕಾಳು.

ಅಂಗಡಿಯವರು ಮೆಗಾಪಿಕ್ಸೆಲ್ ಮಂತ್ರ ಜಪಿಸುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. 20 ಮೆಗಾಪಿಕ್ಸೆಲ್ ಕಾಂಪ್ಯಾಕ್ಟಿನಿಂದಲೂ 24 ಮೆಗಾಪಿಕ್ಸೆಲ್ ದೊಡ್ಡದರಿಂದಲೂ 12 ಇಂಚು 18 ಇಂಚಿನ ಪಟ ಧಾರಾಳವಾಗಿ ಮಾಡಿಸಬಹುದು. ಅದಕ್ಕಿಂತ ದೊಡ್ಡದು ಯಾವ ಗೋಡೆಗೆ ಬೇಕು?

ಎರಡನ್ನೂ ಮನೆಗೆ ತಂದಾಗ

ಹೋದ ಗೌರಿ ಹಬ್ಬದ ಹೊತ್ತಿಗೆ ತಮ್ಮನ ಕ್ಯಾನನ್ 1500ಡಿ, ಓರಗಿತ್ತಿಯ ಇಕ್ಸಸ್ 185 ಎರಡನ್ನೂ ಹದಿನೈದು ದಿನಕ್ಕೆ ಕೇಳಿ ತಂದೆ. ನಿಮಗೂ ಇದನ್ನೇ ಹೇಳುವುದು. ಕೊಳ್ಳುವ ಮುಂಚೆ ಬಂಧುಗಳಲ್ಲಿ ಯಾರದ್ದಾದರೂ ತಂದು ನಿಮ್ಮ ಮನೆಯಲ್ಲೇ, ನಿಮ್ಮ ಬೆಳಕಿನಲ್ಲೇ ಉಪಯೋಗಿಸಿ ನೋಡಿ.

ಮೊದಲು ತೂಕ. ಪುಟ್ಟದು 126 ಗ್ರಾಂ. ದೊಡ್ಡದು ಲೆನ್ಸಿಲ್ಲದೆ 475 ಗ್ರಾಂ, ಜೊತೆಗೆ ಬರುವ ಲೆನ್ಸೂ ಸೇರಿದರೆ ಮುಕ್ಕಾಲು ಕಿಲೋಗೆ ಸ್ವಲ್ಪ ಕಡಿಮೆ. ಸಂತೆಗೆ, ಜೋಗಕ್ಕೆ, ನೆಂಟರ ಮನೆಗೆ ಹೋಗುವಾಗ ದೊಡ್ಡದು ಮನೆಯಲ್ಲೇ ಉಳಿಯಿತು ಎಂದರೆ ಆಶ್ಚರ್ಯವಿಲ್ಲ. ಕೈಯಲ್ಲಿ ಒಂದು ಚೀಲ, ಕಂಕುಳಲ್ಲಿ ತಂಗಿಯ ಮಗು ಇರುವಾಗ ಕತ್ತಿಗೊಂದು ಕಲ್ಲು ಯಾರು ಕಟ್ಟಿಕೊಳ್ಳುತ್ತಾರೆ! ಜೋಗದಲ್ಲಿ ಮಂಜು ಸರಿದ ಎರಡು ನಿಮಿಷದಲ್ಲಿ ಚಿತ್ರ ಸಿಕ್ಕಿದ್ದು ಪರ್ಸಿನೊಳಗಿದ್ದ ಪುಟ್ಟದಕ್ಕೆ.

ದೂರದ್ದನ್ನು ಹತ್ತಿರ ತರುವುದರಲ್ಲಿ ದೊಡ್ಡದೇ ಮುಂದು ಎಂದು ನಮ್ಮವರು ವಾದಿಸಿದರು. ಹಾಗಿಲ್ಲ. ದೊಡ್ಡದರ ಜೊತೆ ಸಾಮಾನ್ಯವಾಗಿ ಕೊಡುವ 18-55 ಲೆನ್ಸು ಮೂರು ಪಟ್ಟು ಮಾತ್ರ ಎಳೆಯುತ್ತದೆ, ಇಕ್ಸಸ್ ಎಂಟು ಪಟ್ಟು. ತೆಂಗಿನ ಮರದ ಮೇಲಿನ ಹಕ್ಕಿ ಪುಟ್ಟದರಲ್ಲೇ ದೊಡ್ಡದಾಗಿ ಬಂತು. ದೊಡ್ಡದಕ್ಕೂ ಉದ್ದದ ಲೆನ್ಸು ಸಿಗುತ್ತದೆ, ಆದರೆ ಅದಕ್ಕೆ ಬೇರೆ ದುಡ್ಡು. ಈ ಮಾತನ್ನು ಅಂಗಡಿಯಲ್ಲಿ ಮೊದಲೇ ಯಾರೂ ಹೇಳುವುದಿಲ್ಲ. ಇನ್ನು ರಾತ್ರಿಯ ಯಕ್ಷಗಾನಕ್ಕೆ ಒಯ್ದರೆ ಎರಡೂ ಕೈಕೊಟ್ಟವು. ದೊಡ್ಡದರಲ್ಲಿ ವೇಷ ಸ್ಪಷ್ಟ ಆದರೆ ಬೆರಳುದ್ದ, ಪುಟ್ಟದರಲ್ಲಿ ವೇಷ ದೊಡ್ಡದು ಆದರೆ ಕಲಸಿಹೋದ ಬಣ್ಣ. ಪುಟ್ಟದರ ಮಿಂಚುದೀಪ ಹತ್ತಡಿಯಾಚೆ ಮುಟ್ಟದು. ದೂರದ ರಂಗಸ್ಥಳಕ್ಕೆ ಅದನ್ನು ಹಾಕುವುದು ಮುಂದೆ ಕೂತವರ ತುರುಬಿಗೆ ದೀಪ ಹಿಡಿದಂತೆ.

ಬ್ಯಾಟರಿ ವಿಷಯದಲ್ಲಿ ಪುಟ್ಟದು ಸುಮಾರು 200 ಚಿತ್ರಕ್ಕೆ ಸುಸ್ತು, ದೊಡ್ಡದು 500ರವರೆಗೆ ಬರುತ್ತದೆ.

ಇನ್ನೊಂದು ಸಂಗತಿ, ನಮ್ಮ ವಯಸ್ಸಿನವರಿಗೆ ಮಾತ್ರ ಅರ್ಥವಾಗುವಂಥದ್ದು. ಚಾಳೀಸು ಬಂದ ಕಣ್ಣಿಗೆ ಪುಟ್ಟದರ ಪರದೆ ಮಸುಕು. ಕನ್ನಡಕ ಹುಡುಕುವಷ್ಟರಲ್ಲಿ ಮಗು ನಕ್ಕು ಮುಗಿಸಿರುತ್ತದೆ. ಬಿಸಿಲಿದ್ದರಂತೂ ಪರದೆಯಲ್ಲಿ ನಮ್ಮ ಮೂಗೇ ಕಾಣುವುದು. ದೊಡ್ಡದರ ಕಿಂಡಿಯ ಪಕ್ಕದಲ್ಲಿ ಸಣ್ಣದೊಂದು ಚಕ್ರವಿದೆ. ನಿಮ್ಮ ದೃಷ್ಟಿಗೆ ತಕ್ಕಂತೆ ತಿರುಗಿಸಿಕೊಂಡರೆ ಸಾಧಾರಣ ದೋಷಕ್ಕೆ ಕನ್ನಡಕ ಬೇಡ. ತಮ್ಮ ಆ ಕ್ಯಾಮರಾ ಇಟ್ಟುಕೊಂಡು ಎಷ್ಟೋ ಕಾಲವಾದರೂ ಆ ಚಕ್ರ ಮುಟ್ಟಿರಲಿಲ್ಲ! ಹಾಗೆಂದು ದೊಡ್ಡದನ್ನು ಫೋನಿನಂತೆ ಎತ್ತಿ ಹಿಡಿದು ಹಿಂದಿನ ಪರದೆ ನೋಡಿ ತೆಗೆಯುವವರಿಗೆ 1500ಡಿ ತರದ್ದು ಹೇಳಿಸಿದ್ದಲ್ಲ. ಆಗ ಅದು ಗುರಿ ಹಿಡಿಯಲು ತಡವರಿಸುತ್ತದೆ. ಕಿಂಡಿಗೆ ಕಣ್ಣಿಟ್ಟರೆ ಮಾತ್ರ ಚುರುಕು.

ಹದಿನೈದನೇ ದಿನ ನನ್ನ ಮನಸ್ಸು ಗಟ್ಟಿಯಾಯಿತು. ಓಡಾಡುವವರಿಗೆ, ಮಕ್ಕಳ ಕೈಗೆ ಕೊಡುವವರಿಗೆ, ಪ್ರವಾಸವೇ ಮುಖ್ಯ ಎನ್ನುವವರಿಗೆ ಪುಟ್ಟದು. ಕತ್ತಲೆ ಮನೆ, ಒಳಗಿನ ಶುಭಕಾರ್ಯ, ಮುಖಗಳ ಚಿತ್ರ ಎನ್ನುವವರಿಗೆ ದೊಡ್ಡದು. ನನಗೆ ಬೇಕಾದದ್ದು ಎರಡನೆಯದು.

ಅಂಗಡಿಗೆ ಹೋದಾಗ ತಮಾಷೆ ನಡೆಯಿತು. ಪ್ರಶ್ನೆ ಕೇಳುವವಳು ನಾನು, ಉತ್ತರ ಹೋಗುವುದು ನಮ್ಮವರಿಗೆ. "ಸಾರ್, ಮೇಡಂಗೆ ಪಿಂಕ್ ಕಲರ್ ಕಾಂಪ್ಯಾಕ್ಟ್ ಕೊಡಿಸಿ, ಈಸಿಯಾಗಿರತ್ತೆ" ಎಂದ ಆ ಹುಡುಗ. ನಮ್ಮವರು "ದುಡ್ಡು ಅವಳದ್ದಪ್ಪ, ಅವಳನ್ನೇ ಕೇಳು" ಎಂದು ಕುರ್ಚಿ ಎಳೆದುಕೊಂಡು ಕೂತರು. ಅಲ್ಲೇ ತಿಳಿದದ್ದು, ಡಿಎಸ್‌ಎಲ್‌ಆರ್‌ನ ಕಾಲವೂ ಇಳಿಮುಖ ಎಂದು. 2018ರಲ್ಲಿ ಬಂದ ನಿಕಾನ್ ಡಿ3500 ಅನ್ನು ಕಂಪನಿಯವರು 2022ರ ಹೊತ್ತಿಗೇ ನಿಲ್ಲಿಸಿದ್ದಾರೆ. ಕ್ಯಾನನ್ ಮತ್ತು ನಿಕಾನ್ ಎರಡೂ 2018ರಿಂದ ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮರಾಗಳಿಗೆಂದು ಹೊಸ ಬಗೆಯ ಲೆನ್ಸುಗಳನ್ನು ತರಲು ಶುರುಮಾಡಿದವು. ಹಾಗಾದರೆ ಡಿಎಸ್‌ಎಲ್‌ಆರ್ ಕೊಳ್ಳುವುದು ದಂಡವೇ? ನನಗೇನೂ ಹಾಗೆ ಅನಿಸಲಿಲ್ಲ. ಬೇಡಿಕೆ ಇಳಿದ ಸಾಮಾನು ಕೈಬದಲಾಗಿ ಕಡಿಮೆ ಬೆಲೆಗೆ ಸಿಗುತ್ತದೆ, ಮುಂದೆಂದಾದರೂ ಹೊಸದಕ್ಕೆ ಹೋದರೂ ಹಳೇ ಲೆನ್ಸುಗಳಲ್ಲಿ ಹೆಚ್ಚಿನವನ್ನು ನಡುವೆ ಒಂದು ಅಡಾಪ್ಟರ್ ಸಿಕ್ಕಿಸಿ ಬಳಸಬಹುದು.

ಬಳಸಿದ ಕ್ಯಾಮರಾ ಕೊಳ್ಳುವಾಗ ಎರಡು ವಿಷಯ ನೋಡಿ. ಈವರೆಗೆ ಎಷ್ಟು ಸಲ ಗುಂಡಿ ಒತ್ತಿದ್ದಾರೆ ಎಂಬ ಎಣಿಕೆ, ಅದಕ್ಕೆ ಶಟರ್ ಕೌಂಟ್ ಎನ್ನುತ್ತಾರೆ, ಅದನ್ನು ತೋರಿಸಲು ಹೇಳಿ. ಈ ದರ್ಜೆಯವಕ್ಕೆ ಸಾಮಾನ್ಯವಾಗಿ ಒಂದು ಲಕ್ಷದ ಆಸುಪಾಸಿನ ಆಯಸ್ಸು. ನಾನು ಕೊಂಡದ್ದು 9 ಸಾವಿರ ಓಡಿತ್ತು. ಆಮೇಲೆ ಲೆನ್ಸನ್ನು ಕಳಚಿಸಿ ಒಂದು ಬದಿಯಿಂದ ಟಾರ್ಚು ಹಾಕಿ ಇನ್ನೊಂದು ಬದಿಯಿಂದ ನೋಡಿ. ಜೇಡರ ಬಲೆಯಂತೆ ಎಳೆಎಳೆ ಕಂಡರೆ ಅದು ಬೂಷ್ಟು. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಹಾಗೆ ಉಳಿಸಿದ ಹಣದಲ್ಲಿ 50 ಮಿಲಿಮೀಟರಿನ ಒಂದು ಲೆನ್ಸು ಹೊಸದೇ ತಂದೆ. ಇದು ಹತ್ತಿರ ದೂರ ಎಳೆಯುವುದಿಲ್ಲ, ಆದರೆ ಬೆಳಕಿಗೆ ತೆರೆಯುವ ಬಾಯಿ ದೊಡ್ಡದು. 18-55 ಲೆನ್ಸನ್ನು ಪೂರ್ತಿ ಎಳೆದಾಗ ಒಳಬರುವ ಬೆಳಕಿನ ಒಂಬತ್ತು ಪಟ್ಟಿಗೂ ಹೆಚ್ಚು ಇದರಲ್ಲಿ ಬರುತ್ತದೆ. ಕಿಟಕಿಯ ಬೆಳಕೊಂದೇ ಸಾಕು, ಮಿಂಚುದೀಪ ಬೇಡವೇ ಬೇಡ. ನಡುಮನೆಯ ಈ ತುದಿಯಲ್ಲಿ ಕೂತು ಆ ತುದಿಯಲ್ಲಿ ಬಸಳೆಸೊಪ್ಪು ಸೋಸುತ್ತಿದ್ದ ಅತ್ತೆಯನ್ನು ತೆಗೆದೆ. ಮುಖದ ಒಂದೊಂದು ಗೆರೆ, ಮೂಗುಬೊಟ್ಟಿನ ಹೊಳಪು, ಬೆರಳಿಗೆ ಹತ್ತಿದ ಹಸಿರು ಎಲ್ಲ ಬಂದಿದೆ. ತೋರಿಸಿದರೆ "ಇಷ್ಟು ಮುದುಕಿ ಆಗಿದೀನಾ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದ್ಸಲ ತೋರಿಸೇ" ಎಂದರು. ಪ್ರಿಂಟ್ ಹಾಕಿಸಿ ಅವರ ಟ್ರಂಕಿನಲ್ಲಿ ಒಂದು, ನನ್ನ ಹತ್ತಿರ ಒಂದು ಇಟ್ಟಿದ್ದೇನೆ. ಕಾರ್ಡಿನಲ್ಲೇ ಬಿಟ್ಟ ಚಿತ್ರ ಯಾವ ದಿನ ಅಳಿಸಿಹೋಗುತ್ತದೋ ಹೇಳಲಾಗದು.

ಇನ್ನು ಮಳೆಗಾಲದ ಜೋಪಾನ. ಮಲೆನಾಡು, ಕರಾವಳಿಯ ಸೋದರಿಯರು ಇದನ್ನು ಓದಲೇಬೇಕು. ಕ್ಯಾಮರಾವನ್ನು ಬಟ್ಟೆಯ ಬೀರುವಿನಲ್ಲಿ, ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟರೆ ಉಪ್ಪಿನಕಾಯಿಗೆ ಬಂದಂತೆ ಲೆನ್ಸಿಗೂ ಬೂಷ್ಟು ಬರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹರಳುಗಳ ಪೊಟ್ಟಣದ ಜೊತೆ ಇಡಿ. ನೀಲಿ ಹರಳು ತೇವ ಕುಡಿದು ಗುಲಾಬಿಯಾದರೆ ಬದಲಾಯಿಸಿ, ಇಲ್ಲವೇ ಹದವಾದ ಬಿಸಿಯಲ್ಲಿ ಮತ್ತೆ ನೀಲಿಯಾಗುವ ತನಕ ಒಣಗಿಸಿ. ಆದರೆ ಅಡುಗೆಯ ಬಾಣಲೆಯಲ್ಲಿ ಖಂಡಿತ ಬೇಡ. ಆ ನೀಲಿ ಬಣ್ಣಕ್ಕೆ ಹಾಕುವುದು ವಿಷದ ವಸ್ತು. ಅದಕ್ಕೆಂದೇ ಒಂದು ಹಳೇ ತಟ್ಟೆ ತೆಗೆದಿಟ್ಟು, ಹರಳುಗಳನ್ನು ಮಕ್ಕಳ ಕೈಗೆ ಸಿಗದಂತೆ ಇರಿಸಿ. ಒಗ್ಗರಣೆಯ ಹಬೆ, ಎಣ್ಣೆ ಸಿಡಿಯುವ ಕಡೆ ಲೆನ್ಸು ಬದಲಾಯಿಸಬೇಡಿ. ಸಮುದ್ರ ತೀರದಲ್ಲಂತೂ ಪುಟ್ಟದರ ಬಗ್ಗೆಯೇ ಹೆಚ್ಚು ಎಚ್ಚರ ಬೇಕು, ಹೊರಬರುವ ಲೆನ್ಸಿನ ಸಂದಿಗೆ ಒಂದು ಕಣ ಮರಳು ಸಿಕ್ಕಿಕೊಂಡರೂ ಅದು ಒಳಗೂ ಹೋಗದೆ ಹೊರಗೂ ಬಾರದೆ ನಿಂತುಬಿಡುತ್ತದೆ. ಒಯ್ಯುವಾಗ ಜಿಪ್ ಇರುವ ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಳ್ಳಿ, ಮರಳಿನ ಮೇಲೆ ಕೂತು ತೆಗೆಯಬೇಡಿ.