‘ದೋಂದೆ ಎಸ್ತಾ?’: ಸ್ಪ್ಯಾನಿಷ್‌ನಲ್ಲಿ ದಾರಿ ಕೇಳುವುದು, ಜಾಗ ಹೇಳುವುದು ಹೇಗೆ?

ಸ್ಪೇನ್‌ನಲ್ಲಿ ಮಾತ್ರವಲ್ಲ, ಮೆಕ್ಸಿಕೋದಿಂದ ಅರ್ಜೆಂಟೀನಾದವರೆಗೂ ಜನರ ಮಾತು ಸ್ಪ್ಯಾನಿಷ್. ಓದಲಿಕ್ಕೋ ದುಡಿಯಲಿಕ್ಕೋ ಆ ಕಡೆ ಹೋದವರಿಗೆ ಮೊದಲ ದಿನವೇ ಬೇಕಾಗುವುದು ‘ಎಲ್ಲಿ’ ಎಂಬ ಪದ. ಮೊಬೈಲ್ ಚಾರ್ಜ್ ಮುಗಿದರೆ ಮ್ಯಾಪ್ ಇರುವುದಿಲ್ಲ, ಆಗ ಬಾಯಿಯೇ ಗತಿ.

‘ಎಲ್ಲಿದೆ?’ ಎನ್ನಲು ‘ದೋಂದೆ ಎಸ್ತಾ?’ ‘ದೋಂದೆ ಎಸ್ತಾ ಎಲ್ ಬಾನ್ಯೊ?’ ಅಂದರೆ ಬಾತ್‌ರೂಂ ಎಲ್ಲಿದೆ ಎಂದು. ಆದರೆ ಆ ವಸ್ತು ಅಲ್ಲಿ ಉಂಟೋ ಇಲ್ಲವೋ ಗೊತ್ತಿಲ್ಲದಿದ್ದರೆ ‘ಐ’ ಎಂದು ಶುರು ಮಾಡಬೇಕು. ‘ಐ ಉನ ಫರ್ಮಾಸಿಯ ಪೊರ್ ಅಕೀ?’ ಎಂದರೆ ಇಲ್ಲೆಲ್ಲಾದರೂ ಮೆಡಿಕಲ್ ಶಾಪ್ ಉಂಟಾ ಎಂದರ್ಥ.

ಕಲಿಯುವವರೆಲ್ಲ ಎಡವುವ ಜಾಗ ಒಂದಿದೆ. ಇಂಗ್ಲಿಷ್‌ನಲ್ಲಿ ‘ಈಸ್’ ಒಂದೇ, ಸ್ಪ್ಯಾನಿಷ್‌ನಲ್ಲಿ ‘ಎಸ್’ ಮತ್ತು ‘ಎಸ್ತಾ’ ಎಂದು ಎರಡು. ಕನ್ನಡದವರಿಗೆ ಇದು ಅಷ್ಟು ಕಷ್ಟವಲ್ಲ. ‘ಅವರು ವ್ಯಾಪಾರಿ’ ಎನ್ನುವಾಗ ನಾವು ‘ಇದ್ದಾರೆ’ ಸೇರಿಸುವುದಿಲ್ಲ, ‘ಅವರು ಅಂಗಡಿಯಲ್ಲಿ ಇದ್ದಾರೆ’ ಎನ್ನುವಾಗ ಸೇರಿಸುತ್ತೇವೆ. ಜಾಗ ಹೇಳುವಾಗಿನ ಆ ‘ಇದ್ದಾರೆ’, ‘ಇದೆ’ಗಳೇ ಸ್ಪ್ಯಾನಿಷ್‌ನ ‘ಎಸ್ತಾ’. ಒಂದು ವಿನಾಯಿತಿ ಉಂಟು: ಮದುವೆ, ಮೀಟಿಂಗ್‌ನಂತಹ ಕಾರ್ಯಕ್ರಮ ಎಲ್ಲಿ ನಡೆಯುತ್ತದೆ ಎನ್ನಲು ‘ಎಸ್’ ಬಳಸಬೇಕು.

ಪ್ರಶ್ನೆ ಕೇಳುವುದು ಸುಲಭ, ಉತ್ತರ ಅರ್ಥ ಮಾಡಿಕೊಳ್ಳುವುದೇ ಕಷ್ಟ. ಅದಕ್ಕೆ ಈ ಕೆಲವು ಪದಗಳು ಕಿವಿಗೆ ಪರಿಚಯ ಇರಬೇಕು:

ಅಕೀ – ಇಲ್ಲಿ
ಅಈ – ಅಲ್ಲೇ, ಸ್ವಲ್ಪ ಆಚೆ
ಅಯೀ – ಅಲ್ಲಿ, ದೂರದಲ್ಲಿ
ಸೆರ್ಕ – ಹತ್ತಿರ
ಲೇಹೊಸ್ – ದೂರ
ಅಲ್ ಲಾದೊ ದೆ – ಪಕ್ಕದಲ್ಲಿ
ಎನ್‌ಫ್ರೆಂತೆ ದೆ – ಎದುರಿಗೆ
ದೆತ್ರಾಸ್ ದೆ – ಹಿಂದೆ
ಅ ಲ ಇಸ್ಕಿಯೆರ್ದ – ಎಡಕ್ಕೆ
ಅ ಲ ದೆರೇಚ – ಬಲಕ್ಕೆ

ಕೊನೆಯದರಲ್ಲಿ ಜಾಗ್ರತೆ ಬೇಕು. ‘ದೆರೇಚ’ ಎಂದರೆ ಬಲ. ಆದರೆ ಮೆಕ್ಸಿಕೋ ಮುಂತಾದ ಕಡೆ ‘ದೆರೇಚೊ’ ಎಂದರೆ ನೇರ! ಕೊನೆಯ ಒಂದು ಸ್ವರ ತಪ್ಪಿ ಕೇಳಿದರೆ ದಾರಿಯೇ ತಪ್ಪಿತು. ಸ್ಪೇನ್‌ನಲ್ಲಿ ನೇರಕ್ಕೆ ‘ತೋದೊ ರ್‍ರೆಕ್ತೊ’ ಎನ್ನುವುದರಿಂದ ಈ ಗೊಂದಲ ಕಡಿಮೆ.

ದೂರ ಹೇಳುವ ರೀತಿಯೂ ದೇಶಕ್ಕೊಂದು. ಲ್ಯಾಟಿನ್ ಅಮೆರಿಕದಲ್ಲಿ ‘ಎರಡು ಕ್ವಾದ್ರ’ ಎಂದರೆ ಎರಡು ಅಡ್ಡರಸ್ತೆಗಳಷ್ಟು ದೂರ. ಕೋಸ್ಟರಿಕಾದಲ್ಲಿ ‘ಚರ್ಚಿನಿಂದ 200 ಮೀಟರ್ ದಕ್ಷಿಣಕ್ಕೆ’ ಎಂಬಂತೆ ವಿಳಾಸ ಹೇಳುತ್ತಾರೆ. ಅಲ್ಲಿ 100 ಮೀಟರ್ ಎಂದರೆ ಟೇಪ್ ಹಿಡಿದು ಅಳೆದ ಲೆಕ್ಕ ಅಲ್ಲ, ಒಂದು ಅಡ್ಡರಸ್ತೆ ಎಂದರ್ಥ. ನಮ್ಮೂರಲ್ಲಿ ‘ಮಸೀದಿ ಹತ್ತಿರ, ಬಸ್‌ಸ್ಟ್ಯಾಂಡ್ ಎದುರು’ ಎನ್ನುವವರಿಗೆ ಇದು ಹೊಸದೇನಲ್ಲ.

ಅರಬಿ ಬಲ್ಲವರಿಗೆ ಇನ್ನೊಂದು ಅನುಕೂಲ. 711ರಿಂದ 1492ರವರೆಗೆ ಸ್ಪೇನ್‌ನ ಬೇರೆ ಬೇರೆ ಭಾಗಗಳಲ್ಲಿ ಮುಸ್ಲಿಂ ಆಡಳಿತ ಇತ್ತು. ‘ಸೀಗ ಆಸ್ತ ಲ ಪ್ಲಾಸ’, ಅಂದರೆ ಚೌಕದವರೆಗೆ ಹೋಗಿ ಎನ್ನುವಾಗಿನ ‘ಆಸ್ತ’ ಅರಬಿಯ ‘ಹತ್ತಾ’ದಿಂದ ಬಂದದ್ದು. ಸೆವಿಲ್ಲೆಯಲ್ಲಿ ಹರಿಯುವ ಗ್ವಾದಲ್‌ಕಿವಿರ್ ನದಿಯ ಹೆಸರೂ ‘ಅಲ್ ವಾದಿ ಅಲ್ ಕಬೀರ್’, ದೊಡ್ಡ ಕಣಿವೆ.

ಇಷ್ಟೆಲ್ಲ ನೆನಪಿರದಿದ್ದರೂ ಎರಡು ವಾಕ್ಯ ಬಾಯಿಪಾಠ ಇರಲಿ. ದಾರಿ ತಪ್ಪಿದರೆ ಗಂಡಸರು ‘ಎಸ್ತೊಯ್ ಪೆರ್ದೀದೊ’ ಎನ್ನಬೇಕು, ಹೆಂಗಸರು ‘ಎಸ್ತೊಯ್ ಪೆರ್ದೀದ’. ಅಪಘಾತವೋ ಎದೆನೋವೋ ಆಗಿ ಸ್ಪೇನ್‌ನಲ್ಲಿ 112ಕ್ಕೆ, ಮೆಕ್ಸಿಕೋದಲ್ಲಿ 911ಕ್ಕೆ ಕರೆ ಮಾಡಿದರೆ ‘ಎಸ್ತೊಯ್ ಎನ್ ಲ ಕಾಯೆ...’ ಎಂದು ಹೇಳಿ ರಸ್ತೆಯ ಹೆಸರು ಸೇರಿಸಿ, ‘ಸೆರ್ಕ ದೆ...’ ಎಂದು ಹತ್ತಿರದ ಗುರುತು ಹೇಳಿ. ವ್ಯಾಕರಣ ತಪ್ಪಿದರೂ ತೊಂದರೆಯಿಲ್ಲ, ಜಾಗ ಗೊತ್ತಾದರೆ ಆಂಬುಲೆನ್ಸ್ ಬರುತ್ತದೆ.